ಕೈ ಕಾಣುವ ನೀರು

ಮೂರು ರೆಸಾರ್ಟುಗಳು ಆ ಮನೆಯೊಳಗೆ ಬಂದದ್ದು ಒಂದು ಭಾನುವಾರ ಮಧ್ಯಾಹ್ನ, ಸಾರಿನ ಪಾತ್ರೆಗೂ ಉಪ್ಪಿನ ಡಬ್ಬಿಗೂ ನಡುವೆ. ಮಗಳು ಫೋನನ್ನು ನೀರಿನ ಲೋಟಕ್ಕೆ ಒರಗಿಸಿ ನಿಲ್ಲಿಸಿದಳು.

"ಎಲ್ರೂ ಇಲ್ಲಿ ನೋಡಿ. ಇವತ್ತು ಒಂದು ತೀರ್ಮಾನ ಆಗ್ಲೇಬೇಕು."

ಅಜ್ಜಿ ಕನ್ನಡಕ ಏರಿಸಿ ಬಗ್ಗಿದಳು. "ಇದೇನೇ ಇದು, ಬಟ್ಟೆಗೆ ಹಾಕೋ ನೀಲಿ ಚೆಲ್ಲಿದ ಹಾಗಿದೆ?"

"ಸಮುದ್ರ ಅಜ್ಜೀ. ಅಪ್ಪನಿಗೆ."

"ಮೂವತ್ತೊಂದು ವರ್ಷ ಕೆರೆ, ಕಾಲುವೆ, ಬಾವಿ ಎಲ್ಲ ಸೋಸಿದ್ದಾನಲ್ಲ ಅವನು. ಇನ್ನೂ ಸಾಲ್ದಾ ನೀರು?"

ಅಜ್ಜಿ ಹೇಳಿದ್ದರಲ್ಲಿ ಉತ್ಪ್ರೇಕ್ಷೆಯಿರಲಿಲ್ಲ. ಅವಳ ಮಗ ಅಗ್ನಿಶಾಮಕ ಠಾಣೆಯ ಮುಳುಗುಗಾರ. ಬೀದಿಯವರಿಗೆಲ್ಲ ಅವನು ಮುಳುಗಣ್ಣ. ಯಾರಾದರೂ ನೀರಿಗೆ ಬಿದ್ದರೆ, ಬಿದ್ದವರು ಬದುಕಿರುವ ಹೊತ್ತು ಮೀರಿದ ಮೇಲೆ, ಅವನಿಗೆ ಕರೆ ಬರುತ್ತಿತ್ತು. ಸೊಂಟಕ್ಕೊಂದು ಹಗ್ಗ, ಹಗ್ಗದ ಇನ್ನೊಂದು ತುದಿ ದಡದಲ್ಲಿ ನಿಂತವನ ಕೈಯಲ್ಲಿ. ಒಂದು ಸಲ ಜಗ್ಗಿದರೆ ಚೆನ್ನಾಗಿದ್ದೇನೆ ಅಂತ. ಎರಡು ಸಲ ಜಗ್ಗಿದರೆ ಸಿಕ್ಕಿತು ಅಂತ. ಮೂರು ಸಲ ಜಗ್ಗಿದರೆ ಎಳೆದುಕೋ ಅಂತ. ಆ ಊರಿನ ನೀರೆಲ್ಲ ಕೆಸರು, ಎರಡು ಮಾರು ಇಳಿದರೆ ಕಗ್ಗತ್ತಲೆ. ಹಾಗಾಗಿ ಮುಳುಗಣ್ಣ ಕಣ್ಣು ಮುಚ್ಚಿಕೊಂಡೇ ಕೆಲಸ ಮಾಡುತ್ತಿದ್ದ. "ಕಣ್ಣು ಬಿಟ್ರೆ ಕಣ್ಣಿಗೆ ಕೆಸರು ಸಿಗುತ್ತೆ, ಅಷ್ಟೇ. ಮುಚ್ಚಿದ್ರೆ ಬೆರಳಿಗೆ ದೃಷ್ಟಿ ಬರುತ್ತೆ," ಎಂದು ಹೊಸ ಹುಡುಗರಿಗೆ ಕಲಿಸುತ್ತಿದ್ದ. ಎಷ್ಟು ಜನರನ್ನು ಹೀಗೆ ಬೆರಳಲ್ಲೇ ಹುಡುಕಿ ಮೇಲೆ ತಂದಿದ್ದನೋ, ಮನೆಯಲ್ಲಿ ಯಾವತ್ತೂ ಹೇಳಿದವನಲ್ಲ. ಮನೆಯವರಿಗೆ ಗೊತ್ತಿದ್ದದ್ದು ಇಷ್ಟೇ: ಅವನು ಮೀನು ತಿನ್ನುವುದಿಲ್ಲ.

ಮಗಳು ಏಳನೇ ಕ್ಲಾಸಿನಲ್ಲಿದ್ದಾಗ ಟೀವಿಯಲ್ಲಿ ಯಾವುದೋ ಸಮುದ್ರದ ಚಿತ್ರ ಬರುತ್ತಿತ್ತು. ಅದನ್ನು ನೋಡುತ್ತ ಅವನು, "ನನ್ ಕೈ ನಂಗೇ ಕಾಣೋ ಅಂಥ ನೀರಲ್ಲಿ ಒಂದ್ಸಲ ಮುಳುಗ್ಬೇಕು ನೋಡು," ಅಂದಿದ್ದ. ಅಂದವನು ಮರೆತ. ಹುಡುಗಿ ಮರೆಯಲಿಲ್ಲ. ಈಗ ಅವಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು, ಅವಳ ತಮ್ಮ ಲಿಫ್ಟ್ ರಿಪೇರಿ ಮಾಡುತ್ತಿದ್ದ. ಅಪ್ಪನ ನಿವೃತ್ತಿಗೆ ಐದು ವಾರ ಉಳಿದಿತ್ತು. ಇಬ್ಬರೂ ಸೇರಿ ಅಪ್ಪ ಅಮ್ಮನನ್ನು ದೂರದ ದ್ವೀಪಗಳಿಗೆ ಕಳಿಸುವುದೆಂದು ಗುಟ್ಟಾಗಿ ನಿಶ್ಚಯಿಸಿದ್ದರು.

"ಇದು ದೊಡ್ಡ ದ್ವೀಪದ್ದು," ಎಂದು ಮಗಳು ಬೆರಳಾಡಿಸಿದಳು. "ವಿಮಾನ ಇಳಿದ ತಕ್ಷಣ ಸಿಗುತ್ತೆ. ಅಲ್ಲೇ ಡಾಕ್ಟರ್ ಇದ್ದಾರೆ. ಐವತ್ತೈದು ದಾಟಿದೋರನ್ನ ಪರೀಕ್ಷೆ ಮಾಡ್ದೆ ನೀರಿಗೆ ಬಿಡಲ್ಲ. ಇದು ಎರಡನೇದು, ಗಾಜಿನ ತಳದ ದೋಣಿ ಇರೋದು."

"ಗಾಜಿನ ದೋಣಿಲಿ ಕೂತು ಮೀನು ನೋಡೋಕೆ ಅಪ್ಪ ಏನು ಮಗುವಾ?" ಎಂದ ಮಗ. "ಮೂರನೇದು ತೋರ್ಸಕ್ಕಾ."

ಮೂರನೆಯದು ಕೊಟ್ಟಕೊನೆಯ ದ್ವೀಪ. ವಿಮಾನ ಇಳಿದು ದೋಣಿ, ಆಮೇಲೆ ಇನ್ನೊಂದು ದೋಣಿ. ಎಂಟೇ ಎಂಟು ಗುಡಿಸಲು, ಕರೆಂಟು ಸಂಜೆ ನಾಲ್ಕು ತಾಸು ಮಾತ್ರ. ನೀರು ಮಾತ್ರ ಎಷ್ಟು ತಿಳಿಯೆಂದರೆ, ಮೂವತ್ತು ಮೀಟರ್ ಆಚೆಯ ಮೀನಿನ ಪಟ್ಟೆ ಎಣಿಸಬಹುದಂತೆ.

ಮುಳುಗಣ್ಣ ಅಲ್ಲಿಯವರೆಗೂ ತಟ್ಟೆಯಿಂದ ತಲೆ ಎತ್ತಿರಲಿಲ್ಲ. ಈಗ ಎತ್ತಿದ. "ಅಲ್ಲೂ ಡಾಕ್ಟರ್ ಚೀಟಿ ಕೇಳ್ತಾರಾ?"

"ಇಲ್ಲಪ್ಪ. ಅನುಭವ ಇದೆ ಅಂತ ಒಂದು ಸಾಲು ಬರ್ಕೊಟ್ರೆ ಆಯ್ತಂತೆ."

"ಹಾಗಾದ್ರೆ ಅದೇ ಇರ್ಲಿ."

ಸಾರು ಬಡಿಸುತ್ತಿದ್ದ ಅವನ ಹೆಂಡತಿಯ ಕೈ ಪಾತ್ರೆಯ ಮೇಲೆಯೇ ನಿಂತಿತು. ಎರಡು ಹನಿ ಮೇಜಿಗೆ ಬಿತ್ತು.

"ನಂಗೆ ಆ ದೊಡ್ಡ ದ್ವೀಪಾನೇ ಇಷ್ಟ ಆಯ್ತು," ಎಂದಳು.

ಎಲ್ಲರೂ ಅವಳ ಕಡೆ ತಿರುಗಿದರು. ಮದುವೆಯಾದಾಗಿನಿಂದ ಸೀರೆಯ ಅಂಚು ಬಿಟ್ಟು ಬೇರೆ ಯಾವುದರಲ್ಲೂ ಇದೇ ಬೇಕು ಎಂದವಳಲ್ಲ ಅವಳು.

"ನೀನು ನೀರಿಗೇ ಇಳಿಯಲ್ಲ, ನಿಂಗ್ಯಾವ ದ್ವೀಪ ಆದ್ರೇನಮ್ಮಾ?" ಎಂದು ಮಗ ನಕ್ಕ.

"ಎರಡೆರಡು ದೋಣಿ ನನ್ ಕೈಲಾಗಲ್ಲ."

"ಹೊಲಿಗೆ ಮಿಷನ್ ತುಳಿದು ತುಳಿದು ಕಾಲು ಕಬ್ಬಿಣ ಆಗಿದೆ ಇವಳಿಗೆ, ದೋಣಿ ಹತ್ತೋಕಾಗಲ್ವಂತೆ," ಎಂದು ಅಜ್ಜಿ ಬೋಡು ಬಾಯಲ್ಲಿ ಗೊಣಗಿದಳು. "ಹೋಗಲಿ ಬಿಡಿ. ನೀರು ನೋಡೋಕೆ ಅಷ್ಟು ದೂರ ಯಾಕೆ, ಹಿತ್ತಲಲ್ಲಿ ತೊಟ್ಟಿ ಇದೆ."

ಅವತ್ತು ತೀರ್ಮಾನವಾಗಲಿಲ್ಲ.

ಮುಳುಗಣ್ಣನ ಹೆಂಡತಿ ಬೀದಿಯವರಿಗೆ ಟೈಲರಮ್ಮ. ಮುಂದಿನ ಕೋಣೆಯಲ್ಲಿ ಮಿಷನ್ ಇಟ್ಟುಕೊಂಡು ರವಿಕೆ, ಶಾಲೆಯ ಸಮವಸ್ತ್ರ, ಹರಿದ ಜಿಪ್ಪು ಎಲ್ಲವನ್ನೂ ನೋಡುತ್ತಿದ್ದಳು. ಠಾಣೆಯ ರಬ್ಬರ್ ಉಡುಪುಗಳು ಹರಿದರೂ ಅವಳ ಹತ್ತಿರವೇ ಬರುತ್ತಿದ್ದವು. ಹೀಗಾಗಿ ಗಂಡನ ಮೈ ನೀರಿನಲ್ಲಿ ಎಲ್ಲೆಲ್ಲಿ ತರಚುತ್ತದೆ ಎಂಬುದು ಅವನಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು.

ಎಂಟು ತಿಂಗಳ ಹಿಂದೆ ಒಂದು ಕಾಲುವೆಯಿಂದ ಮೇಲೆ ಬಂದಾಗ ಅವನ ಎಡಗಿವಿಯಿಂದ ರಕ್ತ ಬಂದಿತ್ತು. ಪಕ್ಕದ ಊರಿನ ಕಿವಿ ಡಾಕ್ಟರ ಹತ್ತಿರ ಇಬ್ಬರೇ ಹೋಗಿದ್ದರು. ಕಿವಿಯ ತಮಟೆ ಹರಿದಿದೆ, ಇನ್ನು ಕೂಡುವುದಿಲ್ಲ ಎಂದರು ಡಾಕ್ಟರು. "ತಣ್ಣೀರು ಒಳಗೆ ಹೋದ್ರೆ ತಲೆ ತಿರುಗುತ್ತೆ. ನೀರೊಳಗೆ ತಲೆ ತಿರುಗಿದ್ರೆ ಮೇಲೆ ಯಾವ್ದು ಕೆಳಗೆ ಯಾವ್ದು ಗೊತ್ತಾಗಲ್ಲ. ಮುಳುಗೋದು ಇವತ್ತಿಗೇ ನಿಲ್ಲಿಸಿ." ವಾಪಸು ಬರುವಾಗ ಬಸ್ಸಿನಲ್ಲಿ ಅವನು ಅವಳ ಕೈ ಹಿಡಿದುಕೊಂಡು, "ಯಾರಿಗೂ ಹೇಳ್ಬೇಡ. ಗೊತ್ತಾದ್ರೆ ನನ್ನನ್ನ ಕಚೇರಿಲಿ ಕೂರಿಸಿ ಫೈಲು ಕಟ್ಟಿಸ್ತಾರೆ," ಎಂದಿದ್ದ. ಅವಳು ಹೇಳಲಿಲ್ಲ. ಹೇಳದಿದ್ದದ್ದು ಮಾತ್ರವಲ್ಲ, ಅವನ ರಬ್ಬರ್ ಟೊಪ್ಪಿಗೆಯ ಎಡಭಾಗದ ಒಳಗೆ, ಮೇಣ ಸವರಿದ ಹತ್ತಿಯ ಮೆತ್ತೆಯೊಂದನ್ನು ಹೊರಗೆ ಒಂದು ಹೊಲಿಗೆಯೂ ಕಾಣದ ಹಾಗೆ ಕೂಡಿಸಿ ಕೊಟ್ಟಳು. ಅಷ್ಟು ಅಚ್ಚುಕಟ್ಟಾಗಿ ಅವಳು ಯಾವ ಮದುವೆ ರವಿಕೆಯನ್ನೂ ಹೊಲಿದಿರಲಿಲ್ಲ. ಆ ಟೊಪ್ಪಿಗೆ ಹಾಕಿಕೊಂಡು ಅವನು ಆಮೇಲೆ ಏಳು ಸಲ ನೀರಿಗಿಳಿದಿದ್ದ. ಏಳು ಸಲವೂ ಅವಳು ಅವನು ಬರುವ ತನಕ ಒಂದೇ ಬಟ್ಟೆಯನ್ನು ಹೊಲಿದು, ಬಿಚ್ಚಿ, ಮತ್ತೆ ಹೊಲಿಯುತ್ತಿದ್ದಳು.

ನಿವೃತ್ತಿಯ ದಿನ ಬಂದರೆ ಸಾಕು ಅಂದುಕೊಂಡಿದ್ದಳು. ಈಗ ನೋಡಿದರೆ ಮಕ್ಕಳು ಸಮುದ್ರವನ್ನೇ ತಂದು ಊಟದ ಮೇಜಿನ ಮೇಲೆ ಇಟ್ಟಿದ್ದರು.

ಬುಧವಾರ ಬೆಳಿಗ್ಗೆ ಅವನು ಮಿಷನ್ನಿನ ಪಕ್ಕ ಬಂದು ನಿಂತ. "ದೊಡ್ಡ ದ್ವೀಪ ಯಾಕೆ ಬೇಕು ನಿಂಗೆ?"

"ಹೇಳಿದ್ನಲ್ಲ, ದೋಣಿ..."

"ಸುಳ್ಳು ಹೇಳೋಕೆ ಬರಲ್ಲ ಕಣೇ ನಿಂಗೆ."

"ಎಂಟು ತಿಂಗಳಿಂದ ಅದನ್ನೇ ಹೇಳ್ಕೊಂಡು ಬಂದಿದ್ದೀನಲ್ಲ ರೀ. ಈಗ ಬರಲ್ಲ ಅಂದ್ರೆ ಹೇಗೆ?"

ಅವನು ಮಿಷನ್ನಿನ ಗಾಲಿಯ ಮೇಲೆ ಕೈಯಿಟ್ಟು ನಿಲ್ಲಿಸಿದ. "ಅಲ್ಲಿನ ಡಾಕ್ಟರ್ ಕೈಲಿ ಬೇಡ ಅನ್ನಿಸ್ಬೇಕು ಅಂತ ತಾನೆ ನಿನ್ನ ಹುನ್ನಾರ?"

ಅವಳು ದಾರವನ್ನು ಹಲ್ಲಲ್ಲಿ ಕಡಿದಳು. ಹೌದು, ಹುನ್ನಾರ ಅದೇ. ಯಾರೋ ಬಿಳಿ ಕೋಟಿನವರು ಕಿವಿಯಲ್ಲಿ ದೀಪ ಬಿಟ್ಟು ನೋಡಿ ಇಲ್ಲ ಅಂದುಬಿಟ್ಟರೆ ತಾನು ಬಾಯಿ ಬಿಡುವುದು ತಪ್ಪುತ್ತದೆ ಅಂತ.

"ಒಂದೇ ಒಂದ್ಸಲ," ಎಂದ ಅವನು. "ಜೀವಮಾನ ಪೂರ್ತಿ ಕುರುಡನ ಹಾಗೆ ತಡಕಾಡಿದ್ದೀನಿ. ಬರೀ ಹೆಣ. ಒಂದ್ಸಲ ಕಣ್ಬಿಟ್ಟು ಇಳೀತೀನಿ. ಅಷ್ಟಕ್ಕೂ ಅಡ್ಡ ನಿಲ್ತೀಯಾ?"

ಅವಳು ಶಾಲೆಯ ಸಮವಸ್ತ್ರದ ತೋಳನ್ನು ತಿರುವುಮುರುವಾಗಿ ಕೂಡಿಸಿಬಿಟ್ಟಿದ್ದಳು, ಬಿಚ್ಚತೊಡಗಿದಳು.

ಆ ವಾರವೆಲ್ಲ ಮನೆಯಲ್ಲಿ ದ್ವೀಪಗಳದ್ದೇ ಮಾತು. ಮಗಳು ಅಂಗಡಿಯಿಂದ ಬಂದವಳೇ ಚಪ್ಪಲಿ ಬಿಡುವ ಮೊದಲು, "ಅಮ್ಮಾ, ಕೊನೇ ದ್ವೀಪಕ್ಕೆ ಒಂದೇ ಗುಡಿಸಲು ಖಾಲಿ ಇದೆಯಂತೆ," ಎನ್ನುವಳು. ಮಗ ಕೈಯ ಗ್ರೀಸು ತೊಳೆಯುತ್ತ, "ಅಮ್ಮನ ಓಟು ಒಂದು, ನಮ್ಮದು ಮೂರು. ಅಜ್ಜಿ, ನಿಂದು ಯಾರಿಗೆ?" ಎನ್ನುವನು. "ಯಾವ ದ್ವೀಪದಲ್ಲಿ ಮೀನು ಅಗ್ಗವೋ ಅದಕ್ಕೆ," ಎನ್ನುವಳು ಅಜ್ಜಿ. ಟೈಲರಮ್ಮ ಮಾತ್ರ ಒಲೆಯ ಮುಂದೆ ನಿಂತು, ದೊಡ್ಡ ದ್ವೀಪದ ಹೋಟೆಲಿನಲ್ಲಿ ಬಿಸಿನೀರು ಬರುತ್ತದಂತೆ, ಅಲ್ಲಿ ಹಾಸಿಗೆ ಚೆನ್ನಾಗಿದೆಯಂತೆ ಎಂದು ತನಗೇ ನಾಚಿಕೆಯಾಗುವಷ್ಟು ಸಲ ಹೇಳಿದಳು.

"ಅಮ್ಮ ಯಾಕೆ ಇಷ್ಟು ಸ್ವಾರ್ಥಿ ಆಗಿಬಿಟ್ಳು?" ಎಂದು ಮಗಳು ತಮ್ಮನ ಹತ್ತಿರ ಅಂದದ್ದು ಅಡುಗೆಮನೆಗೂ ಕೇಳಿಸಿತು.

ಮೂರನೆಯ ವಾರ ಕಲ್ಲು ಗಣಿಯ ಹೊಂಡದಿಂದ ಕರೆ ಬಂತು. ಈಜಲು ಹೋದ ಕಾಲೇಜು ವಿದ್ಯಾರ್ಥಿ. ಮುಳುಗಣ್ಣ ತಿಂಡಿಯನ್ನು ಅರ್ಧಕ್ಕೇ ಬಿಟ್ಟು ಹೋದ. ಮಧ್ಯಾಹ್ನ ಠಾಣೆಯ ಜೀಪು ಮನೆ ಮುಂದೆ ನಿಂತಾಗ ಅವನು ಗೋಡೆ ಹಿಡಿದುಕೊಂಡು ಒಳಗೆ ಬಂದ, ಬಚ್ಚಲಿಗೆ ಹೋಗಿ ವಾಂತಿ ಮಾಡಿದ, ಹೋಗಿ ಮಲಗಿದ. "ಪಾಚಿ ಮೇಲೆ ಕಾಲು ಜಾರ್ತು," ಎಂದ. ಮನೆಯಲ್ಲಿ ಆಗ ಟೈಲರಮ್ಮನನ್ನೂ ಅಜ್ಜಿಯನ್ನೂ ಬಿಟ್ಟರೆ ಯಾರೂ ಇರಲಿಲ್ಲ, ಅಜ್ಜಿ ತೂಕಡಿಸುತ್ತಿದ್ದಳು.

ಹಗ್ಗ ಹಿಡಿಯುವವನು ಜೀಪಿನ ಹತ್ತಿರವೇ ನಿಂತಿದ್ದ. ಹದಿನಾರು ವರ್ಷದಿಂದ ಅವನೇ ದಡದಲ್ಲಿ ನಿಲ್ಲುವವನು.

"ಅಕ್ಕಾ, ಒಂದ್ಮಾತು. ಅಣ್ಣಂಗೆ ಏನಾಗಿದೆ?"

"ಯಾಕೆ?"

"ಮೇಲೆ ಬರೋ ಹೊತ್ತಾಯ್ತು, ಹಗ್ಗ ನೋಡಿದ್ರೆ ಕೆಳಗೇ ಹೋಗ್ತಿದೆ. ಜಗ್ಗಿಲ್ಲ, ಏನಿಲ್ಲ. ನಂಗೇ ಅನುಮಾನ ಬಂದು ಎಳೆದೆ. ಎಳೀತಿದ್ರೂ ಅವರು ತಳದ ಕಡೆಗೇ ಕೈ ಬಡೀತಿದ್ರು ಅಕ್ಕಾ. ಅದೇ ಮೇಲೆ ಅಂದ್ಕೊಂಡಿದ್ರು ಅನ್ಸುತ್ತೆ." ಅವನು ಟೊಪ್ಪಿಗೆಯನ್ನು ಅವಳ ಕೈಗೆ ಕೊಟ್ಟ. ಒಳಗಿನ ಮೆತ್ತೆ ನೆನೆದು ಮುದ್ದೆಯಾಗಿತ್ತು. ಅವನು ಅದನ್ನು ನೋಡಿದ್ದಾನೆಂದು ಅವಳಿಗೆ ಗೊತ್ತಾಯಿತು. "ಹಗ್ಗ ಇತ್ತು, ಬಚಾವಾದ್ರು. ನಾನು ಸಾಹೇಬರಿಗೆ ಏನೂ ಹೇಳಿಲ್ಲ," ಎಂದು ಹೊರಟುಹೋದ.

ಅವಳು ಬಾಗಿಲಲ್ಲೇ ನಿಂತಳು. ದ್ವೀಪದಲ್ಲಿ ಹಗ್ಗ ಇರುವುದಿಲ್ಲ. ಫೋನಿನ ಚಿತ್ರಗಳಲ್ಲಿ ಅವಳು ನೋಡಿದ್ದಳು: ಅಲ್ಲಿ ಎಲ್ಲರೂ ಬಿಡುಬೀಸಾಗಿ ಮೀನುಗಳ ಹಾಗೆ ತೇಲುತ್ತಿದ್ದರು.

ಶನಿವಾರದ ಊಟಕ್ಕೆ ಮಗ ಸಿಹಿ ತಂದಿದ್ದ. ಎಲ್ಲರ ತಟ್ಟೆಗೂ ಒಂದೊಂದು ಇಟ್ಟು, "ಆಯ್ತು ನೋಡಿ, ಮುಗಿಸ್ಬಿಟ್ಟೆ! ಕೊನೇ ದ್ವೀಪ, ಕೊನೇ ಗುಡಿಸಲು. ನಿವೃತ್ತಿ ಆಗಿ ನಾಲ್ಕನೇ ದಿನ ಹೊರಡೋದು. ದುಡ್ಡು ಕಟ್ಟಾಯ್ತು, ವಾಪಸ್ ಕೊಡಲ್ವಂತೆ, ಅಮ್ಮಾ ಈಗ ನೀನೇನೂ ಮಾಡೋ ಹಾಗಿಲ್ಲ," ಎಂದ.

ಮುಳುಗಣ್ಣ ನಕ್ಕ. ಬಹಳ ದಿನಗಳ ಮೇಲೆ ಹಲ್ಲು ಕಾಣುವ ಹಾಗೆ ನಕ್ಕ. ಮಗಳು ಅಪ್ಪನ ಹೆಗಲ ಮೇಲೆ ತಲೆಯಿಟ್ಟಳು.

"ಅವರ ಎಡಗಿವಿ ತಮಟೆ ಹರಿದಿದೆ," ಎಂದಳು ಟೈಲರಮ್ಮ.

ಯಾರಿಗೂ ಅರ್ಥವಾಗಲಿಲ್ಲ.

"ಎಂಟು ತಿಂಗಳಾಯ್ತು. ನೀರಿಗೆ ಇಳೀಲೇಬಾರ್ದು ಅಂದಿದ್ದಾರೆ ಡಾಕ್ಟರು. ಮೊನ್ನೆ ಗಣಿಲಿ ಕಾಲು ಜಾರಿದ್ದಲ್ಲ. ಮೇಲೆ ಯಾವ್ದು ಅಂತ ತಿಳೀದೆ ತಳಕ್ಕೆ ಈಜ್ತಿದ್ರಂತೆ. ಹಗ್ಗದವನು ಎಳೆದ."

ಮುಳುಗಣ್ಣ ಸಿಹಿಯನ್ನು ಮೆಲ್ಲಗೆ ತಟ್ಟೆಗೆ ವಾಪಸಿಟ್ಟ. ಕೂಗಾಡುತ್ತಾನೆ ಎಂದು ಅವಳು ಕಾದಿದ್ದಳು. ಅವನು ಕೂಗಲಿಲ್ಲ.

"ಎಂಟು ತಿಂಗಳು ಸುಮ್ನಿದ್ಯಲ್ಲೇ," ಎಂದ. "ಹೊರಡೋ ತನಕ ಇನ್ನು ಮೂರು ವಾರ ಆಗ್ಲಿಲ್ವಾ ನಿನ್ ಕೈಲಿ?"

ಎದ್ದು ಕೈತೊಳೆಯಲು ಹೋದ. ನಲ್ಲಿ ಬಹಳ ಹೊತ್ತು ಹರಿಯಿತು.

ಮಗಳು ಅಮ್ಮನನ್ನೇ ನೋಡುತ್ತಿದ್ದಳು. "ಅಮ್ಮಾ, ಈ ಎಂಟು ತಿಂಗಳಲ್ಲಿ ಅಪ್ಪ ಎಷ್ಟು ಸಲ ನೀರಿಗಿಳಿದ್ರು?"

"ಎಂಟು. ಗಣೀದೂ ಸೇರಿ."

"ಎಂಟು ಸಲ ಗೊತ್ತಿದ್ದೂ ಕಳಿಸ್ದೆ? ನಾನು ಔಷಧಿ ಅಂಗಡಿಲಿ ಕೂತಿರ್ತೀನಿ, ದಿನಾ ಕಂಡೋರಿಗೆಲ್ಲ ಕಿವಿಗೆ ಹನಿ ಕೊಡ್ತೀನಿ, ನಂಗೊಂದು ಮಾತು ಹೇಳ್ಲಿಲ್ಲ? ಹೆಚ್ಚುಕಮ್ಮಿ ಆಗಿದ್ರೆ?"

"ಹೇಳ್ಬೇಡ ಅಂದ್ರು ಕಣೇ..."

"ಅವ್ರು ಹೇಳ್ಬೇಡ ಅಂದ್ರೆ ನಿನ್ ಬುದ್ಧಿ ಎಲ್ಲಿ ಹೋಗಿತ್ತು?"

"ಬಿಡೇ, ನಿಮ್ಮಮ್ಮನ್ನ ತಿನ್ಬೇಡ," ಎಂದಳು ಅಜ್ಜಿ. ಆಮೇಲೆ ಸೊಸೆಯ ಕಡೆ ತಿರುಗಿ, ದನಿ ತಗ್ಗಿಸಿ, "ನನ್ ಮಗ ಕಣೇ ಅವ್ನು. ನಂಗಾದ್ರೂ ಹೇಳ್ಬಾರ್ದಿತ್ತಾ?" ಎಂದಳು. ಟೈಲರಮ್ಮನಿಗೆ ಮಗಳ ಕೂಗಿಗಿಂತ ಅದು ಹೆಚ್ಚು ನಾಟಿತು.

ಸಿಹಿಯನ್ನು ಯಾರೂ ತಿನ್ನಲಿಲ್ಲ. ಮಾರನೆಯ ದಿನ ಅದಕ್ಕೆ ಇರುವೆ ಮುತ್ತಿತ್ತು.

ಆಮೇಲಿನ ವಾರಗಳಲ್ಲಿ ನೀರಿಗಿಳಿಯುವ ಕರೆ ಮತ್ತೆ ಬರಲಿಲ್ಲ. ಮನೆ ಎಂದಿನಂತೆಯೇ ನಡೆಯಿತು, ದನಿಯೊಂದು ಇರಲಿಲ್ಲ, ಅಷ್ಟೇ. ಮಗಳು ತನ್ನ ತಟ್ಟೆಯನ್ನು ತಾನೇ ಬಡಿಸಿಕೊಳ್ಳುತ್ತಿದ್ದಳು. ಮಗ ರಾತ್ರಿಪಾಳಿ ಕೇಳಿ ಹಾಕಿಸಿಕೊಂಡ. ಮುಳುಗಣ್ಣ ಮೇಜಿನಲ್ಲಿ ಜಾಗ ಬದಲಾಯಿಸಿದ. ಮೊದಲು ಹೆಂಡತಿಯ ಎಡಕ್ಕೆ ಕೂರುತ್ತಿದ್ದವನು ಈಗ ಬಲಕ್ಕೆ ಕೂತ. ಹಾಗೆ ಕೂತರೆ ಅವನ ಹರಿದ ಕಿವಿ ಅವಳ ಕಡೆಗಿರುತ್ತಿತ್ತು. ಅವಳು, "ಇನ್ನಷ್ಟು ಅನ್ನ ಹಾಕ್ಲಾ?" ಎಂದರೆ ಕೇಳಿಸದವನ ಹಾಗೆ ಉಣ್ಣುತ್ತಿದ್ದ. ನಿಜವಾಗಿ ಕೇಳಿಸುತ್ತಿರಲಿಲ್ಲವೋ ಏನೋ, ಅವಳು ಗಟ್ಟಿಯಾಗಿ ಇನ್ನೊಂದು ಸಲ ಕೇಳಿ ನೋಡಲಿಲ್ಲ.

ಉಡುಪು, ಟೊಪ್ಪಿಗೆ ಎಲ್ಲವನ್ನೂ ಠಾಣೆಯ ಉಗ್ರಾಣಕ್ಕೆ ಒಪ್ಪಿಸುವ ಹಿಂದಿನ ದಿನ ಟೈಲರಮ್ಮ ಆ ಮೆತ್ತೆಯನ್ನು ಬಿಚ್ಚಿದಳು. ತಾನೇ ಹಾಕಿದ ಹೊಲಿಗೆಯ ಕೊನೆ ಅವಳಿಗೇ ಸಿಗಲಿಲ್ಲ. ಕೊನೆಗೆ ಬ್ಲೇಡಿನಿಂದ ಕೊಯ್ದಳು. ನಿವೃತ್ತಿಯ ದಿನ ಠಾಣೆಯಲ್ಲಿ ಮುಳುಗಣ್ಣನಿಗೆ ಹಾರ ಹಾಕಿ, ಒಂದು ಗೋಡೆ ಗಡಿಯಾರ ಕೊಟ್ಟು, ಅಧಿಕಾರಿಗಳು ಅವನ ಧೈರ್ಯದ ಬಗ್ಗೆ ಮಾತಾಡಿದರು. ಹಗ್ಗದವನು ಹಿಂದಿನ ಸಾಲಿನಲ್ಲಿ ನೆಲ ನೋಡುತ್ತ ಕೂತಿದ್ದ.

"ಹೋಗಿ ಬನ್ರಪ್ಪ," ಎಂದಳು ಅಜ್ಜಿ ಅವತ್ತು ಸಂಜೆ. "ಮಕ್ಕಳ ದುಡ್ಡು ಸುಮ್ನೆ ಸಮುದ್ರ ಪಾಲಾಗೋ ಬದ್ಲು, ದಡದಲ್ಲಾದ್ರೂ ಕೂತು ಬನ್ನಿ."

ಹೋದರು. ವಿಮಾನ, ದೋಣಿ, ಮತ್ತೊಂದು ದೋಣಿ. ಎರಡನೆಯ ದೋಣಿ ಹತ್ತುವಾಗ ಅವಳು ಯಾರ ಆಸರೆಯೂ ಇಲ್ಲದೆ ಹತ್ತಿದಳು. ಅವನು ಅದನ್ನು ನೋಡಿದ.

ಗುಡಿಸಲು ಚಿಕ್ಕದು: ಎರಡು ಮಂಚ, ಒಂದು ಸೊಳ್ಳೆಪರದೆ, ಮರಳು ಒರೆಸಿಕೊಳ್ಳಲು ಬಾಗಿಲಲ್ಲಿ ಒಂದು ಚಾಪೆ. ಬೆಳಿಗ್ಗೆ ಎಂಟಕ್ಕೆ ಉಳಿದ ಗುಡಿಸಲಿನವರೆಲ್ಲ ಉಸಿರಾಡುವ ಗಾಳಿಯ ಸಿಲಿಂಡರು ಹೊತ್ತು ದೋಣಿಯಲ್ಲಿ ಹೊರಡುತ್ತಿದ್ದರು. "ನೀವು ಬರಲ್ವಾ?" ಎಂದು ಮೊದಲ ದಿನ ದೋಣಿಯವನು ಕೈಸನ್ನೆಯಲ್ಲಿ ಕೇಳಿದ. ಮುಳುಗಣ್ಣ ಕಿವಿ ತೋರಿಸಿ ತಲೆಯಾಡಿಸಿದ. ಎರಡು ದಿನ ಅವನು ನೀರಿನ ಮೇಲೆ ಚಾಚಿದ ಮರದ ಅಟ್ಟಣೆಯ ತುದಿಯಲ್ಲಿ ಕೂತಿದ್ದ. ಅವಳು ಹಿಂದೆ ನೆರಳಿನಲ್ಲಿ ಕೂತು ಅವನ ಬೆನ್ನು ನೋಡುತ್ತಿದ್ದಳು. ಊಟಕ್ಕೆ ಎರಡು ಹೊತ್ತೂ ಮೀನೇ. ಅವನು ಬ್ರೆಡ್ಡು, ಬಾಳೆಹಣ್ಣು ತಿಂದ.

ಮೂರನೆಯ ಬೆಳಿಗ್ಗೆ ಅವನೇ ಅವಳ ಹತ್ತಿರ ಬಂದ.

"ಸೊಂಟದ ತನಕ ಇಳಿದ್ರೆ ಕಿವಿಗೇನೂ ಆಗಲ್ಲ, ಅಲ್ವಾ?"

ಆ ಶನಿವಾರದ ನಂತರ ಅವನು ಅವಳನ್ನು ಕೇಳಿದ ಮೊದಲ ಪ್ರಶ್ನೆ ಅದು. ಅವಳು ಎದ್ದು ಸೀರೆ ಮೇಲೆ ಕಟ್ಟಿದಳು. ಅವನ ಎಡಗೈ ಹಿಡಿದುಕೊಂಡಳು. ಇಬ್ಬರೂ ಹೆಜ್ಜೆ ಹೆಜ್ಜೆಯಾಗಿ ಇಳಿದರು. ನೀರು ಸೊಂಟಕ್ಕೆ ಬಂದರೂ ಅವಳ ಕಾಲ್ಬೆರಳ ಉಗುರು ಒಂದೊಂದೂ ಬೇರೆಬೇರೆ ಕಾಣುತ್ತಿತ್ತು. ತಳದ ಮರಳಿನ ಮೇಲೆ ಬಿಸಿಲು ಬಲೆಯ ಹಾಗೆ ಹರಡಿ, ಒಂದು ಕ್ಷಣವೂ ನಿಲ್ಲದೆ ಅಲುಗುತ್ತಿತ್ತು. ಇಷ್ಟು ತಿಳಿಯಾದ ನೀರನ್ನು ಅವಳು ಲೋಟದಲ್ಲೂ ನೋಡಿರಲಿಲ್ಲ.

ಅವನು ಬಲಗೈಯನ್ನು ನೀರೊಳಗಿಟ್ಟು ಬೆರಳು ಅಗಲಿಸಿದ.

"ಕಾಣ್ತಿದೆಯಾ ರೀ?"

"ಹೂಂ."

"ಹೇಗಿದೆ?"

"ಚೆನ್ನಾಗಿದೆ. ಬೆಳ್ಳಗಿದೆ. ನನ್ ಕೈನೇ ಅಲ್ವೇನೋ ಅನ್ನೋ ಹಾಗಿದೆ."

ಅವಳು ಅವನ ಮುಖ ನೋಡಿದಳು. ಅವನು ಕಣ್ಣು ಮುಚ್ಚಿದ್ದ. ಕಣ್ಣಿಗೆ ಸೋಪು ಹೋದ ಮಗುವಿನ ಹಾಗೆ ಬಿಗಿಯಾಗಿ ಮುಚ್ಚಿದ್ದ. ಹಣೆಯಲ್ಲಿ ಬೆವರು, ತುಟಿ ಬಿಳಿಚಿತ್ತು. ತಳದಲ್ಲಿ ಅಲುಗುವ ಆ ಬೆಳಕನ್ನು ಅವನ ತಲೆ ತಾಳುತ್ತಿರಲಿಲ್ಲ. ಅಷ್ಟರಲ್ಲಿ ಅವಳ ಹಿಡಿಯಲ್ಲಿದ್ದ ಅವನ ಎಡಗೈ ಒಂದು ಸಲ ಜಗ್ಗಿತು. ಎರಡು ಸಲ. ಮೂರು ಸಲ.

"ಬಿಸಿಲು ಜಾಸ್ತಿ ಆಯ್ತು, ಬನ್ನಿ," ಎಂದಳು ಅವಳು, ಹಿಮ್ಮುಖವಾಗಿ ನಡೆಯುತ್ತ ಅವನನ್ನು ದಡಕ್ಕೆ ಎಳೆದುಕೊಂಡಳು.

ಸಂಜೆ ಕರೆಂಟು ಬಂದಾಗ ಮಗಳ ಫೋನು ಬಂತು. ಇಬ್ಬರೂ ಗುಡಿಸಲಿನ ಮೆಟ್ಟಿಲ ಮೇಲೆ ಸಮುದ್ರದ ಕಡೆ ಮುಖ ಮಾಡಿ ಕೂತಿದ್ದರು, ಅವನು ಈಚಿನ ರೂಢಿಯಂತೆ ಅವಳ ಬಲಕ್ಕೆ.

"ಅಮ್ಮಾ." ಎಷ್ಟೋ ದಿನಗಳ ಮೇಲೆ ಆ ದನಿ ಮೆತ್ತಗಿತ್ತು. "ಅಪ್ಪ ಕೈ ನೋಡ್ಕೊಂಡ್ರಾ? ನಿಜ ಹೇಳು."

"ನೋಡ್ಕೊಂಡ್ರು ಕಣೇ. ಉಗುರು ಸಮೇತ ಕಾಣ್ತಿತ್ತು."

"ಖುಷಿ ಆಯ್ತಾ ಅವರಿಗೆ?"

"ಆಯ್ತು. ಬಹಳ ಹೊತ್ತು ನೋಡ್ತಾನೇ ಇದ್ರು."

ಫೋನು ಇಟ್ಟಳು. ಸ್ವಲ್ಪ ಹೊತ್ತಾದ ಮೇಲೆ ಮುಳುಗಣ್ಣ ಎದ್ದ. ಕಂಬ ಹಿಡಿದು ಅವಳ ಹಿಂದಿನಿಂದ ಸುತ್ತಿ ಬಂದು, ಅವಳ ಎಡಕ್ಕೆ, ಕೇಳಿಸುವ ಕಿವಿ ಅವಳ ಕಡೆಗಾಗುವ ಹಾಗೆ ಕೂತುಕೊಂಡ.

ಹೇಳುವುದಕ್ಕೆ ಅವಳ ಹತ್ತಿರ ಏನೂ ಉಳಿದಿರಲಿಲ್ಲ.